ಕಾರಿನ ಕೀಲಿಯೂ ಒಂದು ಅಮಾನತ್

ಲಿಂಗಸುಗೂರಿನಲ್ಲಿ ಕುಟುಂಬದ ನಿಕಾಹ್ ಮುಗಿಸಿಕೊಂಡು ನಾವು ಸಿಂಧನೂರಿಗೆ ಮರಳುತ್ತಿದ್ದೆವು. ಹೈದರಾಬಾದಿನಿಂದ ಬಂದಿದ್ದ ಸಂಬಂಧಿಯೊಬ್ಬರು ಹಿರಿಯರ ಜೊತೆ ಬೇರೆ ವಾಹನದಲ್ಲಿ ಹೊರಟಿದ್ದರಿಂದ, ತಮ್ಮ ಸ್ಪೋರ್ಟ್ಸ್ ಕಾರನ್ನು ಊರಿಗೆ ತರುವ ಹೊಣೆಯನ್ನು ನನಗೆ ವಹಿಸಿದ್ದರು. ಪಕ್ಕದ ಸೀಟಿನಲ್ಲಿ ತಂಗಿಯ ಮಗನಿದ್ದ. ಅವನಿಗಿನ್ನೂ ಹದಿನಾರು ವರ್ಷ. ಮಸ್ಕಿ ದಾಟಿದ ಮೇಲೆ ಅವನು ಕೇಳಿದ: "ಮಾಮು, ಒಂಚೂರು ನನಗ ಕೊಡ್ರಿ. ಇಂಥ ಗಾಡಿ ಮತ್ತ ಸಿಗಂಗಿಲ್ಲ." ರಸ್ತೆ ನೇರವಾಗಿತ್ತು, ವಾಹನಗಳು ವಿರಳವಾಗಿದ್ದವು. ಪ್ರೀತಿಯ ಹುಡುಗನಿಗೆ ಇಲ್ಲವೆನ್ನಲಾಗಲಿಲ್ಲ. ಕೊಟ್ಟೆ.

ಮಗ್ರಿಬ್ ಸಮೀಪಿಸುತ್ತಿತ್ತು. ಭತ್ತದ ಚೀಲ ಹೇರಿಕೊಂಡ ಟ್ರ್ಯಾಕ್ಟರೊಂದು ಮುಂದೆ ಹೋಗುತ್ತಿತ್ತು. ಅದರ ಟ್ರೇಲರಿಗೆ ಹಿಂಬದಿಯ ದೀಪವಿರಲಿಲ್ಲ. ಅದನ್ನು ಕಂಡು ಗಾಬರಿಗೊಂಡ ಹುಡುಗನ ಕಾಲು ಬ್ರೇಕಿನ ಬದಲು ಆಕ್ಸಿಲರೇಟರನ್ನು ಒತ್ತಿತು. ಕಾರು ಮುನ್ನುಗ್ಗಿತು. ನಾನು ಸ್ಟೇರಿಂಗನ್ನು ನನ್ನ ಕಡೆಗೆ ಎಳೆದೆ. ಕಾರು ರಸ್ತೆಯಿಂದ ಇಳಿದು, ಮಣ್ಣಿನಲ್ಲಿ ಜಾರಿ, ಹೊಲದ ಅಂಚಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಟ್ರ್ಯಾಕ್ಟರಿನಿಂದ ಇಳಿದು ಬಂದ ವೃದ್ಧರು ಹುಡುಗನನ್ನು ಬೈಯಲಿಲ್ಲ. ನನ್ನ ಮುಖ ನೋಡಿ, "ಅವಗೇನ್ ಗೊತ್ರಿ, ನೀವು ದೊಡ್ಡೋರು" ಎಂದಷ್ಟೇ ಹೇಳಿ ಹೋದರು.

ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಏಕೆಂದರೆ ಆ ಸಂಜೆ ನಾನು ಒಂದಲ್ಲ, ಮೂರು ಅಮಾನತ್‌ಗಳಿಗೆ ದ್ರೋಹ ಬಗೆದಿದ್ದೆ. ಕಾರು ನನ್ನದಲ್ಲ, ಅದರ ಮಾಲೀಕರ ನಂಬಿಕೆಯದು. ಹುಡುಗ ನನ್ನ ತಂಗಿ ನನ್ನ ಜೊತೆಗೆ ಕಳುಹಿಸಿದ ಅವಳ ಕಣ್ಮಣಿ. ರಸ್ತೆಯಂತೂ ಎಲ್ಲರಿಗೂ ಸೇರಿದ್ದು. ಅದರಲ್ಲಿ ನಡೆಯುವವರ ಜೀವವೂ ಅಲ್ಲಾಹನ ಅಮಾನತ್ತೇ.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ನಡೆದದ್ದು ಓದುಗರಿಗೆ ನೆನಪಿರಬಹುದು. ಹದಿನೇಳರ ಹುಡುಗ ಚಲಾಯಿಸುತ್ತಿದ್ದನೆನ್ನಲಾದ ಪೋರ್ಶೆ ಕಾರು ಮೋಟಾರ್ ಸೈಕಲ್ಲಿಗೆ ಅಪ್ಪಳಿಸಿ, ಮಧ್ಯಪ್ರದೇಶದ ಇಬ್ಬರು ಯುವ ಇಂಜಿನಿಯರುಗಳು ಪ್ರಾಣ ಕಳೆದುಕೊಂಡರು. ಕೆಲವೇ ಗಂಟೆಗಳಲ್ಲಿ ಹುಡುಗನಿಗೆ ಜಾಮೀನು ದೊರೆಯಿತು. ಅದರ ಷರತ್ತುಗಳಲ್ಲೊಂದು, ಅಪಘಾತದ ಕುರಿತು 300 ಪದಗಳ ಪ್ರಬಂಧ ಬರೆಯುವುದು. ದೇಶವೆಲ್ಲ ಸಿಟ್ಟಿಗೆದ್ದಿತು. ಬಳಿಕ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ಹೆತ್ತವರೂ ಬಂಧಿತರಾದರು. ಕೋಟಿಯ ಕಾರು, ದೊಡ್ಡ ನಗರ, ಶ್ರೀಮಂತ ಮನೆತನ. ಇದು ನಮಗೆ ದೂರದ ಸುದ್ದಿ ಎಂದು ಅಂದು ನಾನೂ ಭಾವಿಸಿದ್ದೆ. ಆದರೆ ನನ್ನ ಕೈ ನೀಡಿದ್ದೂ ಅಂಥದ್ದೇ ಕೀಲಿಯನ್ನು. ಉಳಿದದ್ದು ಅಲ್ಲಾಹನ ಕೃಪೆ ಮಾತ್ರ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹದಿನೆಂಟು ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಕಾರು ಚಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನಂತೆ, ಅಪ್ರಾಪ್ತರು ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಪರಿಗಣಿಸಲಾಗುತ್ತದೆ. ತಮಗೆ ತಿಳಿಯದೆ ನಡೆಯಿತೆಂದೋ, ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದೆವೆಂದೋ ಅವರೇ ಸಾಬೀತುಪಡಿಸಬೇಕು. ಶಿಕ್ಷೆ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸನ್ಸ್ ಸಿಗುವುದಿಲ್ಲ. ಮಗನ ಕೈಗೆ ಬೈಕ್ ಕೊಟ್ಟ ತಪ್ಪಿಗೆ ತಂದೆ ತಾಯಂದಿರು ಈ ದಂಡ ಕಟ್ಟಿದ ಸುದ್ದಿಗಳು ನಮ್ಮ ರಾಜ್ಯದ ನ್ಯಾಯಾಲಯಗಳಿಂದ ಆಗಾಗ ಬರುತ್ತಲೇ ಇವೆ.

ಆದರೆ ಮುಸ್ಲಿಮನ ಭಯ ದಂಡದ ರಸೀದಿಗೆ ಸೀಮಿತವಾಗಬಾರದು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ಅನಾಥರ ಸಂಪತ್ತಿನ ಬಗ್ಗೆ ಒಂದು ನಿಯಮವನ್ನು ಕಲಿಸುತ್ತದೆ. ಅವರು ವಿವಾಹದ ವಯಸ್ಸು ತಲುಪುವವರೆಗೆ ಅವರನ್ನು ಪರೀಕ್ಷಿಸುತ್ತಿರಬೇಕು. ಅವರಲ್ಲಿ ವಿವೇಕ ಕಂಡುಬಂದಾಗ ಮಾತ್ರ ಅವರ ಸೊತ್ತನ್ನು ಅವರಿಗೆ ಒಪ್ಪಿಸಬೇಕು. ಇಲ್ಲಿ ವಯಸ್ಸಿನ ಜೊತೆಗೆ ವಿವೇಕವನ್ನೂ ಪ್ರತ್ಯೇಕವಾಗಿ ಹೇಳಿರುವುದನ್ನು ಗಮನಿಸಿ. "ಹುಡುಗನಿಗೆ ನಮಾಝ್ ಕಡ್ಡಾಯವಾಗಿದೆ, ಇನ್ನೇನು ಮಗುವೇ?" ಎಂದು ವಾದಿಸುವವರಿಗೆ ಇದರಲ್ಲಿ ಉತ್ತರವಿದೆ. ತನ್ನದೇ ಹಣವನ್ನು ಒಪ್ಪಿಸಲೂ ವಿವೇಕದ ಪರೀಕ್ಷೆ ಬೇಕೆಂದಾದರೆ, ಇತರರ ಪ್ರಾಣ ತೆಗೆಯಬಲ್ಲ ಯಂತ್ರವನ್ನು ಒಪ್ಪಿಸಲು ಎಷ್ಟು ಬೇಕು! ಅದೇ ಅಧ್ಯಾಯವು, ಪ್ರಮಾದದಿಂದ ಒಬ್ಬರನ್ನು ಕೊಂದವನ ಮೇಲೂ ರಕ್ತ ಪರಿಹಾರ ಮತ್ತು ಪ್ರಾಯಶ್ಚಿತ್ತವನ್ನು ಹೊರಿಸುತ್ತದೆ. "ಬೇಕೆಂದೇ ಮಾಡಿದ್ದಲ್ಲ" ಎಂಬ ಮಾತು ಇಸ್ಲಾಮಿನಲ್ಲಿ ಲೆಕ್ಕವನ್ನು ಮುಗಿಸುವುದಿಲ್ಲ.

"ನಮ್ಮ ಕಡೆ ಹದಿಮೂರರ ಹುಡುಗರೇ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾರಲ್ಲ" ಎನ್ನುವವರೂ ಇದ್ದಾರೆ. ಅದೂ ಅಪಾಯಕರವೇ. ಆದರೂ ಗದ್ದೆಯ ವೇಗವೇ ಬೇರೆ, ಹೆದ್ದಾರಿಯ ವೇಗವೇ ಬೇರೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಜೋಡಿಸುವ ಈ ರಸ್ತೆಯಲ್ಲಿ ಲಾರಿಯೂ ಇದೆ, ಎತ್ತಿನ ಬಂಡಿಯೂ ಇದೆ, ಕೊಯ್ಲಿನ ದಿನಗಳಲ್ಲಿ ಅಂಚಿಗೆ ಹರಡಿದ ಭತ್ತವೂ ಇದೆ, ಶಾಲೆ ಬಿಟ್ಟ ಮಕ್ಕಳೂ ಇದ್ದಾರೆ. ಶಕ್ತಿಶಾಲಿ ಇಂಜಿನ್ ಕಲಿಯುವವನ ತಪ್ಪನ್ನು ಮನ್ನಿಸುವುದಿಲ್ಲ.

ಹಾಗಾದರೆ ಕಲಿಸಬಾರದೇ? ಖಂಡಿತ ಕಲಿಸಬೇಕು. ತಪ್ಪಿರುವುದು ಕಲಿಸುವುದರಲ್ಲಲ್ಲ, ಕಲಿಕೆಯನ್ನು ವೇಗದಿಂದ ಆರಂಭಿಸುವುದರಲ್ಲಿ. ಲುಕ್ಮಾನರು ತಮ್ಮ ಮಗನಿಗೆ ಮಾಡಿದ ಉಪದೇಶವನ್ನು ಕುರ್‌ಆನ್ ನಮ್ಮ ಮುಂದಿಟ್ಟಿದೆ. ಅದರಲ್ಲಿ ಭೂಮಿಯ ಮೇಲೆ ಜಂಬದಿಂದ ನಡೆಯಬೇಡ, ನಡಿಗೆಯಲ್ಲಿ ಮಿತವಿರಲಿ ಎಂಬ ಪಾಠವಿದೆ. ತಂದೆಯೊಬ್ಬ ಮಗನಿಗೆ ನಡೆಯುವ ರೀತಿಯನ್ನು ಕಲಿಸುತ್ತಿದ್ದಾನೆ! ಇಂದಿನ ನಡಿಗೆ ಚಕ್ರಗಳ ಮೇಲಿದೆ, ಅಷ್ಟೇ ವ್ಯತ್ಯಾಸ. ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದು ಈಮಾನಿನ ಭಾಗವೆಂದು ಪ್ರವಾದಿ(ಸ) ಕಲಿಸಿದರು. ನಾವೇ ದಾರಿಗೆ ತೊಂದರೆಯನ್ನು ತಂದು ಬಿಡುವುದು ಎಂಥ ವಿಪರ್ಯಾಸ!

ಹದಿನೆಂಟು ತುಂಬಲಿ. ಲರ್ನಿಂಗ್ ಲೈಸನ್ಸ್ ಕೈಗೆ ಬರಲಿ, ಕಾರಿಗೆ ಕೆಂಪು 'ಎಲ್' ಅಂಟಲಿ. ಡ್ರೈವಿಂಗ್ ಶಾಲೆಯ ಸಣ್ಣ ಕಾರಿನಲ್ಲಿ, ಹಗಲು ಹೊತ್ತಿನಲ್ಲಿ ಕಲಿಕೆ ಶುರುವಾಗಲಿ. ಮೊದಲ ಪಾಠ ಓಡಿಸುವುದಲ್ಲ, ನಿಲ್ಲಿಸುವುದಾಗಿರಲಿ. ಅಲ್ಲಿಯವರೆಗೆ ಹುಡುಗ ಸಿಟ್ಟನ್ನು ಹೇಗೆ ನುಂಗುತ್ತಾನೆ, ಗೆಳೆಯರ ಕೇಕೆಗೆ ಹೇಗೆ ಬಗ್ಗುತ್ತಾನೆ, ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾನೆಯೇ ಎಂದು ಮನೆಯವರು ಗಮನಿಸುತ್ತಿರಲಿ. ವಿವೇಕದ ಪರೀಕ್ಷೆ ಅದೇ. ಮದುವೆ ಮನೆಗಳಲ್ಲಿ ವಾಹನಗಳ ಕೀಲಿಗಳು ಹಿರಿಯರ ಜೇಬಿನಲ್ಲಿಯೇ ಇರಲಿ. ಜುಮುಅದ ಖುತ್ಬಾಗಳಲ್ಲಿ ರಸ್ತೆಯ ಹಕ್ಕಿನ ಬಗ್ಗೆಯೂ ಮಾತು ಬರಲಿ.

ಮರುದಿನ ಬೆಳಿಗ್ಗೆ ನಾನು ಕಾರಿನ ಮಾಲೀಕರ ಮುಂದೆ, ಬಳಿಕ ತಂಗಿಯ ಮುಂದೆ ನಡೆದುದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗನನ್ನು ಕರೆದು, "ಹದಿನೆಂಟು ತುಂಬಲಿ ಬೇಟಾ, ನಿನ್ನ ಮಾಮೂನೇ ಕಲಿಸ್ತಾರ" ಎಂದಳು. ಅವಳು ನನ್ನ ಮೇಲಿಟ್ಟ ಆ ನಂಬಿಕೆಗೆ ಯೋಗ್ಯನಾಗಲು ನನಗೆ ಇನ್ನೆರಡು ವರ್ಷಗಳಿವೆ. ನಮ್ಮ ಮಕ್ಕಳನ್ನೂ, ನಮ್ಮ ಮಕ್ಕಳ ಕೈಯಿಂದ ಇತರರ ಮಕ್ಕಳನ್ನೂ ಅಲ್ಲಾಹನು ರಕ್ಷಿಸಲಿ. ಆಮೀನ್.