ಸಂವಿಧಾನಕ್ಕೆ ಗೈಡು ಸಾಕೇನ್ರೀ?

ಡಿಗ್ರಿ ಓದೋ ಹುಡುಗರ ತಲೆ ಮೇಲೆ ಈ ಸಂವಿಧಾನ, ವೈವಿಧ್ಯ, ಮೌಲ್ಯ ಅಂತೆಲ್ಲ ಯಾಕೆ ಹೇರ್ತಾರೆ, ಕೆಲಸ ಸಿಗೋ ಹಾಗೆ ಏನಾದ್ರೂ ಕಲಿಸಬಾರದಾ ಅನ್ನೋ ಮಾತು ನಮ್ಮ ಕಡೆ ಆಗಾಗ ಕೇಳಿಸುತ್ತೆ. ಬಿಕಾಂ ಓದೋನಿಗೆ ಹದಿನೇಳನೇ ವಿಧಿ ಕಟ್ಕೊಂಡು ಏನಾಗಬೇಕು ಅಂತ. ಇನ್ನೊಂದು ಗುಂಪಿದೆ, ಪತ್ರಿಕೆ ಕಡ್ಡಾಯ ಇದೆಯಲ್ಲ, ಮತ್ತೇನು ಬೇಕು ಅಂತ ನೆಮ್ಮದಿಯಾಗಿರೋರದ್ದು. ಗೆಳೆಯರೆ, ನನಗೆ ಇಬ್ಬರ ಮೇಲೂ ಸಿಟ್ಟು. ಎರಡನೆಯವರ ಮೇಲೆ ಸ್ವಲ್ಪ ಜಾಸ್ತಿನೇ.

ನಮ್ಮ ಮಲೆಬೆನ್ನೂರು ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹರಿಹರ ತಾಲ್ಲೂಕು, ಭದ್ರಾ ನಾಲೆ ನೀರು, ಭತ್ತದ ಗದ್ದೆ, ರೈಸ್ ಮಿಲ್ಲು. ಬೀದಿಯಲ್ಲಿ ಕನ್ನಡ, ಉರ್ದು ಎರಡೂ ಕೇಳುತ್ತೆ. ಹೆಳವನಕಟ್ಟೆ ಗಿರಿಯಮ್ಮ ಸೊಸೆಯಾಗಿ ಬಂದ ಊರು. ಅಲ್ಲಿಂದ ಹರಿಹರಕ್ಕೆ ಹೋದರೆ ಅರ್ಧ ಹರಿ, ಅರ್ಧ ಹರ ಇರುವ ಒಂದೇ ಮೂರ್ತಿ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ. ಅದೇ ಊರಲ್ಲಿ ಆರೋಗ್ಯ ಮಾತೆ ಚರ್ಚು. ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ 1938ರಲ್ಲಿ ಹುಟ್ಟಿದ್ದು ಹರಿಹರದಲ್ಲೇ. ವೈವಿಧ್ಯದ ಪಾಠ ಮಾಡೋಕೆ ಇದಕ್ಕಿಂತ ಒಳ್ಳೆ ತಾಲ್ಲೂಕು ಎಲ್ಲಿ ಹುಡುಕ್ತೀರಿ? ಆದರೆ ಇದರಲ್ಲಿ ಒಂದು ಹೆಸರೂ ಗೊತ್ತಿಲ್ಲದೆ ನಮ್ಮ ಹುಡುಗ ಆ ಪತ್ರಿಕೆಯಲ್ಲಿ ಫಸ್ಟ್ ಕ್ಲಾಸ್ ತೆಗೀಬಹುದು.

ಪತ್ರಿಕೆ ಹೊಸದೇನಲ್ಲ. ನಮ್ಮ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯದಡಿ ಇದ್ದಾಗಲೂ ಇತ್ತು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆದಮೇಲೂ ಉಳೀತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದರು. ಹೆಸರು ಬದಲಾಯ್ತು, ಕ್ರೆಡಿಟ್ಟು ಹೆಚ್ಚುಕಮ್ಮಿ ಆಯ್ತು, ಗೈಡು ಮಾತ್ರ ಅದೇ. ಪರಿಸರದ ಪತ್ರಿಕೆಯ ಕಥೆಯೂ ಇಷ್ಟೇ. 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ಅದು ಪಠ್ಯವಾಯ್ತು. ನಾಲೆಯ ಕೊನೇ ಭಾಗದ ರೈತನಿಗೆ ನೀರು ಯಾಕೆ ಬರಲ್ಲ ಅಂತ ಅದರಲ್ಲಿ ಯಾರೂ ಕೇಳಲಿಲ್ಲ ಬಿಡಿ.

ಈಗ 2022ರ ಫೆಬ್ರವರಿ ನೆನಪು ಮಾಡ್ಕೊಳ್ಳಿ. 5ನೇ ತಾರೀಕು ಸಮವಸ್ತ್ರದ ಸರ್ಕಾರಿ ಆದೇಶ. 8ನೇ ತಾರೀಕು ಹರಿಹರದಲ್ಲಿ ಕಾಲೇಜಿನ ಹತ್ತಿರ ಕಲ್ಲು ತೂರಾಟ, ನಿಷೇಧಾಜ್ಞೆ. ಸಂಜೆಗೆ ರಾಜ್ಯದ ಹೈಸ್ಕೂಲು ಕಾಲೇಜಿಗೆಲ್ಲ ಮೂರು ದಿನ ರಜೆ. ಹಿಜಾಬ್ ಬಗ್ಗೆ ನಿಮ್ಮ ಅಭಿಪ್ರಾಯ ಏನಾದರೂ ಇರಲಿ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಆ ವರ್ಷ ಅಕ್ಟೋಬರ್ 13ರಂದು ಬೇರೆ ಬೇರೆ ತೀರ್ಪು ಕೊಟ್ಟರು. ನನ್ನ ಪ್ರಶ್ನೆ ಬೇರೆ. 25ನೇ ವಿಧಿ ಎರಡು ಮಾರ್ಕಿಗೆ ಬರುತ್ತೆ ಅಂತ ಬಾಯಿಪಾಠ ಮಾಡೋ ಹುಡುಗರು ಪಕ್ಕದ ಬೆಂಚಿನವರ ಹತ್ತಿರ ಅದನ್ನೇ ಎದುರುಬದುರು ಕೂತು ಮಾತಾಡೋಕೆ ಒಂದು ಗಂಟೆ ಯಾವ ಟೈಮ್ ಟೇಬಲ್ಲಿನಲ್ಲಿತ್ತು?

ಟೈಮ್ ಟೇಬಲ್ ಅಂದೆನಲ್ಲ, ಅಲ್ಲೇ ಇರೋದು ವಿಷಯ. ನಮ್ಮೂರಲ್ಲಿ ಒಬ್ಬ ಉರ್ದು ಶಾಲೆಗೆ ಹೋಗ್ತಾನೆ, ಒಬ್ಬ ಕನ್ನಡ ಶಾಲೆಗೆ, ದುಡ್ಡಿದ್ದವರ ಮಗ ಇಂಗ್ಲಿಷ್ ಮೀಡಿಯಮ್ಮಿಗೆ. ಡಿಗ್ರಿಯಲ್ಲಿ ಒಂದೇ ಕಟ್ಟಡಕ್ಕೆ ಬಂದರೂ ಭಾಷೆಯ ಪೀರಿಯಡ್ಡಿಗೆ ಕನ್ನಡದವರು ಒಂದು ರೂಮು, ಉರ್ದು ತಗೊಂಡೋರು ಇನ್ನೊಂದು ರೂಮು. ಆರ್ಟ್ಸು, ಕಾಮರ್ಸು ಅಂತೂ ಮೊದಲೇ ಬೇರೆ. ಎಲ್ಲರ ಕೈಗೂ ಒಂದೇ ಪುಸ್ತಕ ಬರೋದು ಈ ಕಡ್ಡಾಯ ಪತ್ರಿಕೆಯಲ್ಲಿ ಮಾತ್ರ! ಅದಕ್ಕೇ ಅದನ್ನ ತೆಗೀರಿ ಅನ್ನೋರ ಮೇಲೆ ನನಗೆ ಸಿಟ್ಟು. ಆ ಒಂದೇ ಒಂದು ಪೀರಿಯಡ್ಡನ್ನ ಮಧ್ಯಾಹ್ನದ ಕೊನೇ ಗಂಟೆಗೆ ತಳ್ಳಿ, ಮುಂದಿನ ವರ್ಷ ತನ್ನ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದ ಅತಿಥಿ ಉಪನ್ಯಾಸಕರಿಗೆ ಒಪ್ಪಿಸಿದರೆ ಅವರು ಏನು ತಾನೆ ಮಾಡ್ತಾರೆ? 2023ರ ಕೊನೆಯಲ್ಲಿ ಖಾಯಂ ಮಾಡಿ ಅಂತ ಅವರು ಪಾಠ ಬಿಟ್ಟು ಬೀದಿಗಿಳಿದಿದ್ದನ್ನ ಮರೆತಿಲ್ಲ ತಾನೆ? ಜಾತಿ ಧರ್ಮದ ಮಾತು ಎತ್ತಿ ಯಾರದ್ದೋ ಕೋಪಕ್ಕೆ ಗುರಿಯಾಗು ಅಂತ ಅಂಥವರಿಗೆ ಯಾವ ಮುಖ ಇಟ್ಕೊಂಡು ಹೇಳೋದು.

ಅಮೆರಿಕದ ಬರ್ಕ್ಲಿಯಲ್ಲಿ 1989ರಲ್ಲಿ ಪ್ರಾಧ್ಯಾಪಕರೇ ಮತ ಹಾಕಿ ಪದವಿಗೆ ಇಂಥದ್ದೊಂದು ಕಡ್ಡಾಯ ಮಾಡಿದರು, 1991ರಿಂದ ಜಾರಿ. ಅವರ ಷರತ್ತು ನನಗೆ ಹಿಡಿಸಿದ್ದು: ಒಂದು ಸಮುದಾಯದ ಹೊಗಳಿಕೆ ಸಾಲದು, ಕನಿಷ್ಠ ಮೂರು ಸಮುದಾಯಗಳನ್ನ ಹೋಲಿಸಿ ಓದಬೇಕು. ಬೇರೆ ಬೇರೆ ವಿಭಾಗದವರು ತಮ್ಮದೇ ವಿಷಯದ ಮೂಲಕ ಅದನ್ನ ಪಾಠ ಮಾಡಬಹುದು. (ಅದೇ ದೇಶದ ಫ್ಲಾರಿಡಾದಲ್ಲಿ 2024ರಲ್ಲಿ ಸಮಾಜಶಾಸ್ತ್ರವನ್ನೇ ಮೂಲ ಪಠ್ಯಗಳ ಪಟ್ಟಿಯಿಂದ ತೆಗೆದರು. ಅಲ್ಲಿಯೂ ಎಲ್ಲ ಸರಿಯಿಲ್ಲ ಅನ್ನಿ.)

ನಮ್ಮಲ್ಲೂ ಬಿಕಾಂ ಮೇಷ್ಟ್ರು ರೈಸ್ ಮಿಲ್ಲಿನಿಂದಲೇ ಶುರು ಮಾಡಬಹುದು. ಮಾಲೀಕ ಯಾರು, ಮೂಟೆ ಹೊರೋರು ಯಾರು, ಗದ್ದೆಯಲ್ಲಿ ನಾಟಿ ಮಾಡೋ ಹೆಂಗಸರು ಯಾವ ಕೇರಿಯಿಂದ ಬರ್ತಾರೆ, ಕೂಲಿ ಎಷ್ಟು. ಬೇರೆ ಬೇರೆ ಕೇರಿಯ ಮೂವರು ಹುಡುಗ ಹುಡುಗಿಯರು ಸೇರಿ ಹತ್ತು ಪುಟ ಬರೀಲಿ. ಹಳ್ಳಿಯ ಕಟಿಂಗ್ ಶಾಪಿನಲ್ಲಿ ಯಾರಿಗೆ ಕೂದಲು ಕತ್ತರಿಸಲ್ಲ ಅಂತ ಹೋಗಿ ಕೇಳ್ಕೊಂಡು ಬಂದವನಿಗೆ ಹದಿನೇಳನೇ ವಿಧಿ ಮರೆಯಲ್ಲ. ಆ ಹತ್ತು ಪುಟಕ್ಕೇ ಮಾರ್ಕ್ಸ್ ಕೊಡಿ, ಗೈಡು ಮಾರೋರು ಬೇರೆ ವ್ಯಾಪಾರ ನೋಡ್ಕೊಳ್ತಾರೆ.

ಹೀಗೆಲ್ಲ ಮಾಡಿದರೆ ಕ್ಲಾಸಲ್ಲಿ ಗಲಾಟೆ ಆಗುತ್ತೆ, ಪ್ರಿನ್ಸಿಪಾಲರ ರೂಮಿಗೆ ಮುಖಂಡರು ಬರ್ತಾರೆ ಅಂತ ನಿಮ್ಮಲ್ಲಿ ಮೇಷ್ಟ್ರಾಗಿರೋರು ಹೇಳ್ತೀರಿ, ಗೊತ್ತು. ಹರಿಹರದಲ್ಲಿ ಗಲಾಟೆ ಆಗಿದ್ದು ಇಂಥ ಪಾಠ ಯಾರೂ ಮಾಡದೇ ಇದ್ದಾಗ ಸ್ವಾಮೀ.