ಬದು ಇಲ್ಲದ ಹೊಲಕ್ಕೆ ಕಾವಲು ಯಾರು?

ಹುನಗುಂದದ ಎರಿ ಹೊಲದಾಗ ಹಿಂಗಾರಿ ಜೋಳ, ಕಡಲೆ ಬಿತ್ತುವವನಿಗೆ ಕಡಲ ಮೀನಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಮೊದಲು ನನಗೂ ಹಾಗೇ ಅನ್ನಿಸಿತ್ತು.

ಮೂರು ವರ್ಷದ ಹಿಂದೆ ಗೋಕರ್ಣಕ್ಕೆ ಹೋಗಿದ್ದೆ. ದಂಡೆಯಲ್ಲಿ ಹರಿದ ಬಲೆ ಸರಿಮಾಡುತ್ತ ಒಬ್ಬ ಹಿರಿಯರು ಕೂತಿದ್ದರು. ನಾನೂ ಹೋಗಿ ಕೂತೆ. ಮಾತು ರಂಪಣಿ ಬಲೆಗೆ ಬಂತು. ಬಂಗಡೆ, ತಾರ್ಲೆ ಮೀನಿನ ಹಿಂಡು ದಂಡೆ ಹತ್ತಿರ ಬಂದಾಗ ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಈ ಬಲೆ ಬಿಡುತ್ತಿದ್ದರು. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಮಂದಿ ದಂಡೆಗೆ ಎಳೆಯುವುದು. ಒಬ್ಬಿಬ್ಬರ ಕೈಲಿ ಆಗುವ ಕೆಲಸವಲ್ಲ. ದೋಣಿಗೆ, ಬಲೆಗೆ ಪಾಲು. ಎಳೆದವರಿಗೂ ಪಾಲು. ನಮ್ಮ ಮುಯ್ಯಾಳಿನ ಹಾಗೆ ಊರವರೇ ಸೇರಿ ಮಾಡುವ ಕೆಲಸ. ಅಲ್ಲಿಯೂ ಉಳ್ಳವರ ಕೈ ಮೇಲಿತ್ತು ಅನ್ನಿ, ಆದರೆ ಕಟ್ಟುಪಾಡು ಎಲ್ಲರಿಗೂ ಗೊತ್ತಿತ್ತು.

“ಆಗ ಹಗ್ಗ ಹಿಡಿದವನಿಗೆಲ್ಲ ಪಾಲಿತ್ತು ತಮ್ಮಾ” ಅಂದರು ಆ ಹಿರಿಯರು.

1975-76ರ ಸುಮಾರಿಗೆ ನಮ್ಮ ಕರಾವಳಿಗೆ ಪರ್ಸೀನ್ ಬಲೆ ಬಂತು. ಚೀಲದ ಬಾಯಿ ಬಿಗಿದ ಹಾಗೆ ತಳದಿಂದ ಬಿಗಿಯುವ ಬಲೆ ಇದು. ಯಂತ್ರದ ದೋಣಿಯವರು ಮೀನಿನ ಹಿಂಡು ದಂಡೆಗೆ ಬರುವ ಮೊದಲೇ ಅಲ್ಲೇ ಸುತ್ತಿ ಹಿಡಿದರು. ಕೆಲವೇ ವರ್ಷದಾಗ ರಂಪಣಿ ಮೂಲೆ ಸೇರಿತು. ಕೊನೆಗೆ ರಂಪಣಿ ಎಳೆಯುತ್ತಿದ್ದವರಲ್ಲೇ ಅನೇಕರು ಸೇರಿ ಪರ್ಸೀನ್ ದೋಣಿ ಕೊಂಡರು. ಬೇರೆ ದಾರಿ ಇರಲಿಲ್ಲ.

ಕಾನೂನು ಇಲ್ಲ ಅಂತಲ್ಲ. ಕರ್ನಾಟಕದಲ್ಲಿ 1986ರಲ್ಲೇ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಆಗಿದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ದೋಣಿ ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಯೊಳಗಿನ ನಾಡದೋಣಿಗೆ ಮಾತ್ರ ವಿನಾಯಿತಿ. ರಾತ್ರಿ ದೊಡ್ಡ ದೀಪ ಉರಿಸಿ ಮೀನು ಸೆಳೆದು ಹಿಡಿಯುವುದನ್ನು 2017ರಲ್ಲಿ ನಿಷೇಧಿಸಿದರು. ಆದರೂ ಅದು ನಿಂತಿಲ್ಲ ಅಂತ ನಾಡದೋಣಿಯವರು ದೂರುತ್ತಲೇ ಇದ್ದಾರೆ. ಮರಿ ಮೀನು ಬಾಚುವುದೆಂದರೆ ಬಿತ್ತುವ ಜೋಳವನ್ನೇ ಬೀಸಿ ರೊಟ್ಟಿ ಮಾಡಿದ ಹಾಗೆ.

ನನ್ನ ಅನಿಸಿಕೆ ಇಷ್ಟು. ಕಾನೂನು ಬೆಂಗಳೂರು, ದಿಲ್ಲಿಯಲ್ಲಿ ಆಗುತ್ತದೆ. ತಪ್ಪಿದರೆ ಹೊಟ್ಟೆಗೆ ಏಟು ಬೀಳುವುದು ದಂಡೆಯ ಮೇಲಿನ ಸಣ್ಣವನಿಗೆ. ಹಾಗಾಗಿ ಯಾವ ಬಲೆ, ಅದರ ಕಣ್ಣು ಎಷ್ಟು, ಯಾವ ದಿನ ರಜೆ ಅಂತ ನಿರ್ಣಯಿಸುವ ಕಡೆ ಅವನಿಗೂ ಜಾಗ ಬೇಕು. ಬುಟ್ಟಿ ಹೊತ್ತು ಮೀನು ಮಾರುವ ಹೆಣ್ಣುಮಕ್ಕಳಿಗೂ ಬೇಕು. ಬರೀ ಸಭೆಗೆ ಕರೆದು ಚಹಾ ಕೊಟ್ಟರೆ ಸಾಲದು, ಅವರ ತೀರ್ಮಾನಕ್ಕೆ ಸರಕಾರದ ಬಲ ಇರಬೇಕು.

ಕಡಲು ದೊಡ್ಡದು, ಮೀನು ಗುಳೆ ಹೋಗುವ ಜೀವ, ಒಂದೂರಿನ ಕಟ್ಟುಪಾಡು ಏನು ಮಾಡೀತು ಅನ್ನುವವರಿದ್ದಾರೆ. ಮಾತು ಖರೆ. ದೂರದ ಕಡಲಿಗೆ ಸರಕಾರವೇ ಬೇಕು. ಆದರೆ ದಂಡೆ ಹತ್ತಿರದ ನೀರಿಗೆ? ಜಪಾನಿನಲ್ಲಿ ಆ ನೀರಿನ ಮೀನುಗಾರಿಕೆ ಹಕ್ಕನ್ನು ಬಹಳ ಕಾಲದಿಂದ ಊರ ಮೀನುಗಾರರ ಸಹಕಾರಿ ಸಂಘಗಳಿಗೇ ಕಾನೂನು ಕೊಟ್ಟಿದೆ. ಅಲ್ಲಿ ಆದದ್ದು ಇಲ್ಲಿ ಯಾಕಾಗಬಾರದು?

ಇನ್ನು ನಮ್ಮ ಮಾತು. ಬಾಜೂ ಹೊಲದವರು ಬೋರು ಹಾಕಿಸಿದ ಮರುವರ್ಷ ನನ್ನ ಬಾವಿ ಬತ್ತಿತು. ಸಿಟ್ಟಿನಲ್ಲಿ ನಾನು ಅವರದಕ್ಕಿಂತ ಆಳಕ್ಕೆ ಕೊರೆಸಿದೆ. ಎರಡು ಬೇಸಿಗೆ ನೀರು ಬಂತು. ಅಷ್ಟರಲ್ಲಿ ಕೆಳಗಿನ ಹೊಲದ ವಿಧವೆ ಹೆಣ್ಣುಮಗಳ ಬಾವಿ ಒಣಗಿತು. ಈಗ ನನ್ನ ಬೋರಿನಲ್ಲೂ ನೀರಿಲ್ಲ, ಸಾಲ ಮಾತ್ರ ಐತಿ. ಅವರು ಕಡಲಾಗ ಮಾಡಿದ್ದನ್ನೇ ನಾನು ನೆಲದಾಗ ಮಾಡಿದ್ದೆ. ನೆಲದೊಳಗಿನ ನೀರಿಗೂ ಬದು ಇಲ್ಲ, ಕಡಲ ಮೀನಿಗೂ ಬದು ಇಲ್ಲ.

ಹೊಲದ ಒಡ್ಡು ಹಾಕುವಾಗ ಮೇಲಿನ ಹೊಲದವರು, ಕೆಳಗಿನ ಹೊಲದವರು ಕೂತು ಮಾತಾಡಿ ಕೋಡಿ ಎಲ್ಲಿಡಬೇಕು ಅಂತ ಗೊತ್ತುಮಾಡುತ್ತೇವೆ. ಬೋರಿನ ಬಗ್ಗೆ ಮಾತ್ರ ಒಂದು ದಿನವೂ ಕೂಡಲಿಲ್ಲ. ಈ ಬೇಸಿಗೆಗೆ ಮುಂಚೆ ನಮ್ಮ ಹಳ್ಳದ ದಂಡೆಯ ಬಾವಿ-ಬೋರಿನವರನ್ನು ಗುಡಿ ಕಟ್ಟೆಗೆ ಕರೆಯಬೇಕಂತ ಮಾಡಿದ್ದೇನೆ. ಎಷ್ಟು ಮಂದಿ ಬರುತ್ತಾರೋ ನೋಡಬೇಕು. ಆ ಹೆಣ್ಣುಮಗಳ ಮನೆಗೆ ಮೊದಲು ನಾನೇ ಹೋಗಿ ಕರೆಯುತ್ತೇನೆ.