ಸೂಟ್‌ಕೇಸಿನಲ್ಲಿ ಬರುವ ಮೊಡವೆ ಮಾತ್ರೆ

ಚಟ್ನಿಪುಡಿ, ಸಾರಿನಪುಡಿ, ಕೋಡುಬಳೆ. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹತ್ತು ಸ್ಟ್ರಿಪ್ ಮೊಡವೆ ಮಾತ್ರೆ. ಊರಿಂದ ಅಮೆರಿಕಕ್ಕೆ ಬರುವ ಅಪ್ಪ-ಅಮ್ಮನ ಸೂಟ್‌ಕೇಸಿನಲ್ಲಿ ಇದನ್ನ ನೀವೂ ನೋಡಿರ್ತೀರಿ. ಕೆಲವರು ಹೇಳಿ ತರಿಸಿಕೊಂಡೂ ಇರ್ತೀರಿ. ನಾನೂ ತರಿಸಿಕೊಂಡಿದ್ದೆ. ಹಾಗಾಗಿ ಈ ಜಗಳ ನಿಮ್ಮ ಜೊತೆ ಎಷ್ಟೋ, ಮಾಸ್ಟರ್ಸ್ ಓದುತ್ತಿದ್ದ ನನ್ನ ಜೊತೆಗೂ ಅಷ್ಟೇ.

ಮಾತ್ರೆಯ ಹೆಸರು ಐಸೊಟ್ರೆಟಿನೊಯಿನ್. ವಿಟಮಿನ್ 'ಎ' ಬಳಗದ್ದು. ಅಮೆರಿಕದಲ್ಲಿ 1982ರಲ್ಲಿ ಅಕ್ಯುಟೇನ್ ಅನ್ನೋ ಹೆಸರಿನಲ್ಲಿ ಒಪ್ಪಿಗೆ ಪಡೆಯಿತು. ಆ ಬ್ರ್ಯಾಂಡ್ 2009ರಲ್ಲಿ ಇಲ್ಲಿನ ಮಾರುಕಟ್ಟೆ ಬಿಟ್ಟರೂ ಔಷಧಿ ಬೇರೆ ಹೆಸರುಗಳಲ್ಲಿ ಉಳಿದಿದೆ. ಚರ್ಮದ ಎಣ್ಣೆ ಗ್ರಂಥಿಗಳನ್ನೇ ಇದು ಕುಗ್ಗಿಸುತ್ತೆ. ಗಂಟು ಕಟ್ಟಿ, ನೋವು ಕೊಟ್ಟು, ಗುಳಿ ಬಿಟ್ಟು ಹೋಗುವ ಮೊಡವೆಗೆ ಇದಕ್ಕಿಂತ ಬಲವಾದ ಔಷಧಿ ಇಲ್ಲ. ನಾನು ಮಾತ್ರೆಯ ವಿರೋಧಿ ಅಲ್ಲ ಕಣ್ರೀ. "ಉಷ್ಣ ಅಷ್ಟೇ, ಮಜ್ಜಿಗೆ ಕುಡಿ, ಮದುವೆ ಆದ್ಮೇಲೆ ಹೋಗುತ್ತೆ" ಅಂತ ಸುಮ್ಮನಿದ್ದು ಮಗಳ ಕೆನ್ನೆಯಲ್ಲಿ ಜೀವನಪೂರ್ತಿ ಗುಳಿ ಉಳಿಸುವವರ ಮೇಲೆ ನನಗೆ ಬೇರೆಯೇ ಸಿಟ್ಟಿದೆ. ಅದು ಇನ್ನೊಂದು ದಿನದ ಜಗಳ.

ನನ್ನ ತಕರಾರು ಇರೋದು ಡಾಕ್ಟರಿಗೆ ಗೊತ್ತಿಲ್ಲದೆ ನುಂಗೋದರ ಬಗ್ಗೆ.

ಎರಡನೇ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಕ್ಲಿನಿಕ್‌ನವರು ನನಗೆ ಡಾಕ್ಸಿಸೈಕ್ಲಿನ್ ಕೊಟ್ಟಿದ್ದರು. ಅದು ಆಂಟಿಬಯಾಟಿಕ್. ಪೂರ್ತಿ ಫಲ ಕಾಣೋಕೆ ಎರಡು-ಮೂರು ತಿಂಗಳು ಬೇಕು, ನಾನು ಆರು ವಾರಕ್ಕೇ ತಾಳ್ಮೆ ಕಳಕೊಂಡೆ. (ಅದನ್ನೂ ರಾತ್ರಿ ಹಾಲಿನ ಜೊತೆ ನುಂಗುತ್ತಿದ್ದೆ. ಹಾಲಿನ ಕ್ಯಾಲ್ಸಿಯಂ ಆ ಔಷಧಿಯನ್ನ ಒಂದಿಷ್ಟು ಕಟ್ಟಿಹಾಕುತ್ತೆ ಅಂತ ಚೀಟಿಯಲ್ಲೇ ಬರೆದಿತ್ತು. ಚೀಟಿ ಓದೋರು ಯಾರು?) ಅಷ್ಟರಲ್ಲಿ ಅಮ್ಮ ಬಂದರು, ಜೊತೆಗೆ ಐಸೊಟ್ರೆಟಿನೊಯಿನ್ ಬಂತು. ಎರಡೂ ತಗೊಂಡರೆ ಎರಡರಷ್ಟು ಕೆಲಸ ಮಾಡುತ್ತೆ ಅಂದುಕೊಂಡೆ. ಮೂರನೇ ವಾರ ತಲೆನೋವು ಶುರುವಾಯಿತು. ಬಗ್ಗಿ ಶೂ ಕಟ್ಟಿಕೊಂಡು ಎದ್ದರೆ ಒಂದು ಕ್ಷಣ ಕಣ್ಣು ಮಬ್ಬು. ಕ್ಲಿನಿಕ್‌ನಲ್ಲಿ "ಬೇರೆ ಏನಾದರೂ ತಗೊಳ್ತಿದ್ದೀಯಾ?" ಅಂತ ಕೇಳಿದರು. ಇಲ್ಲ ಅಂದೆ. ಇನ್ನೊಮ್ಮೆ ಕೇಳಿದರು. ಆಗ ಹೇಳಿದೆ. ಈ ಎರಡನ್ನೂ ಒಟ್ಟಿಗೆ ತಗೊಂಡರೆ ಮಿದುಳಿನ ಸುತ್ತಲಿನ ಒತ್ತಡ ಏರಬಹುದು, ಕಣ್ಣಿನ ನರ ಊದಿ ದೃಷ್ಟಿಯೇ ಹೋಗಬಹುದು. ಅದಕ್ಕೇ ಯಾವ ಡಾಕ್ಟರೂ ಇವೆರಡನ್ನ ಜೊತೆಗೆ ಬರೆಯಲ್ಲ. ನನ್ನ ನರ ಊದಿತ್ತು. ಎರಡನ್ನೂ ನಿಲ್ಲಿಸಿದ ಮೇಲೆ ಇಳಿಯಿತು.

ಈಗ ನಿಮ್ಮ ವಾದಕ್ಕೆ ಬರೋಣ. "ನಮ್ಮ ಕಸಿನ್ ಬೆಂಗಳೂರಿನಲ್ಲಿ ಮೆಡಿಕಲ್ ಶಾಪಿಂದಲೇ ತಗೊಂಡಳು, ಏನೂ ಆಗಲಿಲ್ಲ." ದಿನಾ ಡೇಟಾ ಜೊತೆ ಗುದ್ದಾಡುವವನಾಗಿ ಹೇಳ್ತೀನಿ: ಇದು ಒಬ್ಬರ ಸ್ಯಾಂಪಲ್. ಅದೂ ಬಾಯಿಬಿಟ್ಟು ಹೇಳಿಕೊಳ್ಳುವವರ ಸ್ಯಾಂಪಲ್. ಗರ್ಭ ಇರುವಾಗ ಈ ಮಾತ್ರೆ ಹೊಟ್ಟೆಗೆ ಹೋದರೆ ಹುಟ್ಟುವ ಮಕ್ಕಳಲ್ಲಿ ಶೇಕಡಾ 20ರಿಂದ 35ರಷ್ಟು ಮಕ್ಕಳಿಗೆ ಮಿದುಳು, ಹೃದಯ, ಕಿವಿ, ಮುಖದ ದೊಡ್ಡ ದೋಷಗಳಿರುತ್ತವೆ. ಗರ್ಭ ಕಳಕೊಂಡವಳು ಯುಗಾದಿ ಊಟದ ಸಾಲಿನಲ್ಲಿ ಕೂತು ಅದನ್ನ ಹೇಳ್ತಾಳಾ? ನಿಮ್ಮ ಕಿವಿಗೆ ಬೀಳೋದು ಬರೀ "ಏನೂ ಆಗಲಿಲ್ಲ" ಅನ್ನೋರ ಮಾತು.

"ಅಲ್ಲಿ ಸುಲಭವಾಗಿ ಸಿಗುತ್ತಲ್ಲ?" ಸಿಗುತ್ತೆ. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಅಲ್ಲಿನ ಕಾನೂನೂ ಹೇಳುತ್ತೆ. ಕೌಂಟರಿನವರು ಕೇಳಲಿಲ್ಲ ಅಂದ ಮಾತ್ರಕ್ಕೆ ಮಾತ್ರೆ ಪೆಪ್ಪರ್‌ಮೆಂಟ್ ಆಗಲ್ಲ.

"ಇಲ್ಲಿನ ಐಪ್ಲೆಡ್ಜ್ ಕಾಟ ತಡೆಯೋಕಾಗಲ್ಲ." ಇದನ್ನ ಒಪ್ತೀನಿ. 2006ರಿಂದ ಇರುವ ಈ ಪದ್ಧತಿಯಲ್ಲಿ ಎಲ್ಲರೂ ಹೆಸರು ನೋಂದಾಯಿಸಬೇಕು, ಒಂದು ಸಲಕ್ಕೆ 30 ದಿನದ ಮಾತ್ರೆ ಮಾತ್ರ ಸಿಗುತ್ತೆ. ಗರ್ಭ ಧರಿಸಬಲ್ಲವರಿಗೆ ಪ್ರತಿ ತಿಂಗಳೂ ಪರೀಕ್ಷೆ. 2021ರ ಡಿಸೆಂಬರ್‌ನಲ್ಲಿ ವೆಬ್‌ಸೈಟ್ ಬದಲಾಯಿಸಿದಾಗ ಅದು ಕುಸಿದು, ಎಷ್ಟೋ ಜನಕ್ಕೆ ಮಾತ್ರೆಯೇ ಸಿಗದೆ ಹೋಯಿತು. ಹದಿನೈದು ವರ್ಷದ ಮಗಳ ಮುಂದೆ ಡಾಕ್ಟರ್ ಗರ್ಭನಿರೋಧಕದ ಮಾತು ತೆಗೆದಾಗ ನಮ್ಮ ಅಮ್ಮಂದಿರಿಗೆ ಆಗುವ ಮುಜುಗರವೂ ನನಗೆ ಗೊತ್ತು. ಸೂಟ್‌ಕೇಸಿಗೆ ಅರ್ಧ ಕಾರಣ ಆ ಮುಜುಗರವೇ ಅಂತ ನನ್ನ ಅನುಮಾನ. ಆದರೆ ಫಾರ್ಮ್ ಕೆಟ್ಟದಾಗಿದೆ ಅಂತ ಫಾರ್ಮ್ ಕಾಯುತ್ತಿರುವ ಅಪಾಯ ಸುಳ್ಳಾಗಲ್ಲ.

ಲೆಕ್ಕವನ್ನೂ ನೋಡಿ. ಸಾಮಾನ್ಯವಾಗಿ ಇಡೀ ಕೋರ್ಸಿನ ಗುರಿ ದೇಹದ ತೂಕದ ಕಿಲೋಗೆ 120ರಿಂದ 150 ಮಿಲಿಗ್ರಾಂ. 60 ಕಿಲೋ ಇರುವವರಿಗೆ 7,200ರಿಂದ 9,000. ಅಮ್ಮ ತಂದ 20 ಮಿಲಿಗ್ರಾಮಿನ ಹತ್ತು ಸ್ಟ್ರಿಪ್, ಅಂದರೆ ನೂರು ಮಾತ್ರೆ, ಬರೀ 2,000. ಕಾಲು ದಾರಿಯಲ್ಲಿ ಸ್ಟಾಕ್ ಮುಗಿದು, ನಿಲ್ಲಿಸಿ, ಮೊಡವೆ ವಾಪಸ್ ಬಂದು, "ಈ ಮಾತ್ರೆ ಕೆಲಸ ಮಾಡಲ್ಲ" ಅಂತ ತೀರ್ಪು ಕೊಡ್ತೀರಿ. ಖಾಲಿ ಹೊಟ್ಟೆಗೆ ನುಂಗಿದರಂತೂ ಜಿಡ್ಡಿನ ಊಟದ ಜೊತೆ ಮೈಗೆ ಹತ್ತುವುದರ ಸುಮಾರು ಅರ್ಧದಷ್ಟೇ ಹತ್ತುತ್ತೆ. ರಕ್ತ ಪರೀಕ್ಷೆ ಯಾಕೆ ಅಂದ್ರೆ, ಇದು ಟ್ರೈಗ್ಲಿಸರೈಡ್ ಏರಿಸುತ್ತೆ, ಲಿವರ್‌ಗೂ ತೊಂದರೆ ಕೊಡಬಹುದು. ನಮ್ಮ ಕಡೆಯವರಲ್ಲಿ ಟ್ರೈಗ್ಲಿಸರೈಡ್ ಮೊದಲೇ ಜಾಸ್ತಿ ಇರೋದು ಸಾಮಾನ್ಯ. ನಿಮ್ಮಪ್ಪನ ಲ್ಯಾಬ್ ರಿಪೋರ್ಟ್ ಒಮ್ಮೆ ತೆಗೆದು ನೋಡಿ.

ಈಗಾಗಲೇ ಡ್ರಾಯರಿನಲ್ಲಿ ಸ್ಟ್ರಿಪ್ ಇದ್ದರೆ, ನುಂಗುತ್ತಿದ್ದರೆ, ಇವತ್ತೇ ಡಾಕ್ಟರಿಗೆ ಅದರ ಫೋಟೋ ಕಳಿಸಿ. ಗರ್ಭಿಣಿ ಇರಬಹುದು ಅನ್ನೋ ಸಣ್ಣ ಅನುಮಾನ ಇದ್ದರೂ ಮಾತ್ರೆ ನಿಲ್ಲಿಸಿ, ತಕ್ಷಣ ಫೋನ್ ಮಾಡಿ. ಬೈದರೆ ಬೈಸಿಕೊಳ್ಳಿ, ನಾನೂ ಬೈಸಿಕೊಂಡಿದ್ದೀನಿ. ರೂಮ್‌ಮೇಟ್‌ಗೆ ಹಂಚಬೇಡಿ. ಮತ್ತೆ ಕನ್ನಡ ಕೂಟದ ರಕ್ತದಾನ ಶಿಬಿರ ಬಂದರೆ, ಕೊನೆಯ ಮಾತ್ರೆ ತಗೊಂಡು ಒಂದು ತಿಂಗಳಾಗುವವರೆಗೆ ರಕ್ತ ಕೊಡಬೇಡಿ. ಆ ರಕ್ತ ಯಾವ ಗರ್ಭಿಣಿಗೆ ಹೋಗುತ್ತೋ ಯಾರಿಗೂ ಗೊತ್ತಿರಲ್ಲ.